ಹಳೇ ಕಣಿಕೆ ಹಾಳಲ್ಲ

ಹಿಂಗಾರಿ ಜೋಳ ಕೊಯ್ದು ಹೊಸ ಬಣವಿ ಒಟ್ಟಿದ ಕೂಡಲೇ ಹಳೇ ಬಣವಿ ನಮಗೆ ಕಸವಾಗಿ ಕಾಣುತ್ತದೆ. 'ಎರಡು ವರ್ಷದ್ದು, ಸತ್ವ ಹೋಗ್ಯಾದ' ಅಂತ ಬಂದ ರೇಟಿಗೆ ಮಾರುವವರು, ತಿಪ್ಪೆಗೆ ಹಾಕುವವರು ಆಳಂದ, ಅಫಜಲಪುರ, ಜೇವರ್ಗಿ ಕಡೆ ಇದ್ದಾರೆ. ನನ್ನ ಅಭಿಪ್ರಾಯದಲ್ಲಿ ಇದು ನಷ್ಟದ ಲೆಕ್ಕ.

ಒಣ ಕಣಿಕೆಯಲ್ಲಿ ಪ್ರೋಟೀನು ಮೊದಲೇ ಕಡಿಮೆ, ನೂರಕ್ಕೆ 3-4 ಪಾಲು. ಎತ್ತಿನ ಹೊಟ್ಟೆ ತುಂಬಿಸುವುದು ಅದರ ನಾರು. ನೀರು ತಾಗದಂತೆ ಇಟ್ಟರೆ ಆ ನಾರು ಎರಡನೇ ವರ್ಷಕ್ಕೂ ಹೆಚ್ಚುಕಮ್ಮಿ ಹಾಗೇ ಇರುತ್ತದೆ. ಹೋಗುವುದು ಹಸಿರು ಬಣ್ಣ ಮತ್ತು ಅದರ ಜೊತೆಗಿನ 'ಎ' ಜೀವಸತ್ವ. ಗಬ್ಬದ ಆಕಳು, ಎಮ್ಮೆ, ಕರುಗಳಿಗೆ ಇದು ಬೇಕೇ ಬೇಕು. ಹಾಗಾಗಿ ದಿನಾ ಸ್ವಲ್ಪವಾದರೂ ಬದುವಿನ ಹುಲ್ಲು, ನುಗ್ಗೆ ಸೊಪ್ಪು, ಭೀಮಾ ದಂಡೆಯವರಾದರೆ ಕಬ್ಬಿನ ಹಸಿರು ಸೋಗೆ ಕೊಡಿ. ತೊಗರಿ ಹೊಟ್ಟು, ಒಂದಿಷ್ಟು ಹಿಂಡಿ, ಉಪ್ಪು ಸೇರಿದರೆ ಉಳಿದ ಕೊರತೆ ಬಹಳಷ್ಟು ನೀಗುತ್ತದೆ. ಕಣಿಕೆ ಕತ್ತರಿಸಿ ಹಾಕಿದರೆ ಗೋದಲಿಯಲ್ಲಿ ದಂಟು ಉಳಿಯುವುದೂ ಕಡಿಮೆ.

ಆದರೆ ಹಳೇದು ಬೇರೆ, ಬೂಷ್ಟು ಹಿಡಿದದ್ದು ಬೇರೆ. ಬಣವಿಯ ತುದಿ, ತಳದ ಸೂಡುಗಳನ್ನು ಬಿಚ್ಚಿ ನೋಡಿ. ಕಪ್ಪಾಗಿದ್ದರೆ, ಮುಗ್ಗಲು ವಾಸನೆ ಬಂದರೆ, ಕೊಡವಿದಾಗ ಪುಡಿ ಹಾರಿದರೆ ದನಕ್ಕೆ ಹಾಕಬೇಡಿ. ಒಳ್ಳೆಯದರಲ್ಲಿ ಬೆರೆಸಿ ಮುಗಿಸುವುದಂತೂ ಬೇಡವೇ ಬೇಡ. ಬೂಷ್ಟಿನ ವಿಷ ಹಾಲಿಗೂ ಇಳಿಯುತ್ತದೆ. ತಿಪ್ಪೆಗೆ ಹೋಗಬೇಕಾದದ್ದು ಅಷ್ಟೇ, ಇಡೀ ಬಣವಿಯಲ್ಲ.

ಒಂದು ಎತ್ತಿಗೆ ದಿನಕ್ಕೆ 7 ಕಿಲೋ ಒಣ ಮೇವು ಹಿಡಿದರೂ ಒಂದು ಜೋಡಿಗೆ ವರ್ಷಕ್ಕೆ 5 ಟನ್ ಬೇಕು. ನಮ್ಮ ಹೊಲಗಳಲ್ಲಿ ತೊಗರಿ ಹೆಚ್ಚಿ ಜೋಳ ಕಡಿಮೆಯಾಗಿದೆ. ತೊಗರಿ ಕಟ್ಟಿಗೆ ಒಲೆಗೆ ಆದೀತು, ಗೋದಲಿಗೆ ಆಗದು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಸರ್ಕಾರ ಘೋಷಿಸಿತು. ಅಂಥ ವರ್ಷ ಮೇವು ಕೊಳ್ಳಲು ಹೋದವನಿಗೆ ಹಳೇ ಕಣಿಕೆಯ ಬೆಲೆ ಗೊತ್ತು.

ಇನ್ನೊಂದು ಮಾತು. ಮನೆಯಲ್ಲಿ ಮೇವಿಲ್ಲದಾಗಲೇ ಹಸಿದ ದನ ಮಳೆಯಿಲ್ಲದೆ ಬಾಡಿದ ಎಳೆ ಜೋಳಕ್ಕೆ, ಕೂಳೆಯ ಚಿಗುರಿಗೆ ಬಾಯಿ ಹಾಕುವುದು. ಅದರಲ್ಲಿರುವ ವಿಷಕ್ಕೆ ಗಳಿಗೆಯೊಳಗೆ ದನ ಸಾಯಬಹುದು. ಒಣ ಕಣಿಕೆ ತಿಂದು ಹೊಟ್ಟೆ ತುಂಬಿದ ದನ ಹೀಗೆ ಮುಗಿಬೀಳುವುದು ಕಡಿಮೆ.

ಅದಕ್ಕೇ ನಾನು ಹೇಳುವುದು, ಹಳೇದನ್ನು ಮೊದಲು ಬಿಚ್ಚಿರಿ, ಹೊಸದನ್ನು ಮುಂದಿನ ವರ್ಷಕ್ಕೆ ಇಡಿ. ಕಲ್ಲಿನ ಮೇಲೆ ಎತ್ತರಿಸಿ, ನೀರು ಇಳಿದುಹೋಗುವಂತೆ ಒಟ್ಟಿ, ಮೇಲೆ ಹೊದಿಕೆ ಹಾಕಿ. ಒಂದು ವರ್ಷದ ಮೇವು ಕೈಯಲ್ಲಿ ಇದ್ದರೆ ಬರದಲ್ಲಿ ಎತ್ತು ಮಾರಲು ಸಂತೆಗೆ ಹೋಗುವುದು ತಪ್ಪುತ್ತದೆ.