ತಪ್ಪೇ ಆಗದ ಆಟ ನೋಡೋಕೆ ಯಾಕೆ ಬೋರ್ ಹೊಡೆಯುತ್ತೆ?

ಹಾಸ್ಟೆಲ್ ರೂಮಲ್ಲಿ ಆರು ಜನ, ಒಂದೇ ಲ್ಯಾಪ್‌ಟಾಪ್. ಸ್ಕ್ರೀನ್ ಮೇಲೆ ಬ್ಯಾಟಲ್ ಸಿಟಿ. ಹೆಸರು ಕೇಳಿದ್ರೆ ಗೊತ್ತಾಗದೇ ಇರಬಹುದು, ನೋಡಿದ್ರೆ ಗೊತ್ತಾಗುತ್ತೆ: ಜಾತ್ರೆಯಲ್ಲಿ ತಂದ ಟಿವಿ ಗೇಮ್ ಡಬ್ಬದಲ್ಲಿ, ಅಣ್ಣನ ಜೊತೆ ಕಿತ್ತಾಡಿಕೊಂಡು ಆಡ್ತಾ ಇದ್ದ ಅದೇ ಟ್ಯಾಂಕ್ ಗೇಮ್. ಕೆಳಗಡೆ ಇಟ್ಟಿಗೆ ಗೋಡೆಯೊಳಗೆ ಹದ್ದು, ಮೇಲಿಂದ ಶತ್ರು ಟ್ಯಾಂಕ್‌ಗಳು. ನಮ್ಮ ಗೆಳೆಯನೊಬ್ಬ ಸೆಮಿಸ್ಟರ್ ರಜೆ ಪೂರ್ತಿ ಕೂತು ಇದರ ಮೊದಲ ಹತ್ತು ಸ್ಟೇಜ್‌ಗಳಿಗೆ ಒಂದು ಟ್ಯಾಸ್ ಮಾಡಿಕೊಂಡು ಬಂದಿದ್ದ. ಮೂರನೇ ಸ್ಟೇಜ್ ಮುಗಿಯೋ ಹೊತ್ತಿಗೆ ನಮ್ಮಲ್ಲೇ ಒಬ್ಬರು "ಬೋರ್ ಕಣೋ, ಸ್ಕಿಪ್ ಮಾಡು" ಅಂದರು. ಅವನು ಸ್ಕಿಪ್ ಮಾಡಲಿಲ್ಲ, ಲ್ಯಾಪ್‌ಟಾಪ್ ಮುಚ್ಚಿದ. ಊಟಕ್ಕೆ ಹೋದ್ವಿ.

ಆ "ಬೋರ್" ತಪ್ಪಾ ಸರಿಯಾ ಅಂತ ಆಮೇಲೆ ಎರಡು ವಾರ ನಮ್ಮೊಳಗೇ ಜಗಳ ನಡೀತು. ಈ ಲೇಖನ ಆ ಜಗಳದಿಂದ ಹುಟ್ಟಿದ್ದು.

ಟ್ಯಾಸ್ ಅಂದ್ರೆ ಟೂಲ್ ಅಸಿಸ್ಟೆಡ್ ಸ್ಪೀಡ್‌ರನ್. ಗೇಮನ್ನು ಎಮ್ಯುಲೇಟರ್‌ನಲ್ಲಿ ಓಡಿಸ್ತಾರೆ. ಹಳೇ ನಿಂಟೆಂಡೊ ಸೆಕೆಂಡಿಗೆ ಸುಮಾರು 60 ಫ್ರೇಮ್ ತೋರಿಸುತ್ತೆ. ಒಂದೊಂದು ಫ್ರೇಮಿಗೂ ಆಟ ನಿಲ್ಲಿಸಿ, ಈ ಫ್ರೇಮಲ್ಲಿ ಯಾವ ಬಟನ್ ಒತ್ತಬೇಕು ಅಂತ ನಿರ್ಧರಿಸಿ, ಸರಿ ಬರದಿದ್ರೆ ಹಿಂದಕ್ಕೆ ಹೋಗಿ ಮತ್ತೆ ಒತ್ತೋದು. ಕಂಟ್ರೋಲರ್‌ನಲ್ಲಿ ಎಂಟು ಬಟನ್, ಅಂದ್ರೆ ಪ್ರತಿ ಫ್ರೇಮಿಗೂ 256 ಆಯ್ಕೆ. ಒಂದು ನಿಮಿಷಕ್ಕೆ 3600 ಸಲ ಆ ಆಯ್ಕೆ. ಕೊನೆಗೆ ಉಳಿಯೋದು ಬಟನ್‌ಗಳ ಒಂದು ಪಟ್ಟಿ ಅಷ್ಟೇ. ಗೇಮಿನ ಕೋಡನ್ನು ಒಂದು ಬಿಟ್ ಕೂಡ ಬದಲಾಯಿಸಿರಲ್ಲ. ಅದೇ ಪಟ್ಟಿಯನ್ನು ಮತ್ತೆ ಕೊಟ್ಟರೆ ಗೇಮ್ ಅದೇ ಆಟವನ್ನು ಅಕ್ಷರಶಃ ಹಾಗೇ ಆಡುತ್ತೆ. ಮೂರನೇ ಸೆಮ್‌ನಲ್ಲಿ ಸ್ಟೇಟ್ ಮಷೀನ್ ಓದಿದವರಿಗೆ ಇದು ಯಾಕೆ ಅಂತ ಹೇಳಬೇಕಾಗಿಲ್ಲ. (ಓದದೇ ಪಾಸಾದವರು ಪಕ್ಕದವರನ್ನು ಕೇಳಿ.)

ಮೊದಲ ಆಕ್ಷೇಪ ಯಾವಾಗಲೂ ಒಂದೇ: "ಇದು ಮೋಸ ಅಲ್ವಾ?" ಈ ಪ್ರಶ್ನೆಗೆ ಇಪ್ಪತ್ತು ವರ್ಷಕ್ಕಿಂತ ಹೆಚ್ಚು ವಯಸ್ಸಾಗಿದೆ. 2003ರಲ್ಲಿ ಮೊರಿಮೊಟೊ ಅನ್ನೋ ಹೆಸರಿನ ಜಪಾನಿನ ಆಟಗಾರನ ಸೂಪರ್ ಮಾರಿಯೊ ಬ್ರದರ್ಸ್ 3 ವಿಡಿಯೊ ಇಂಟರ್ನೆಟ್ ತುಂಬ ಹರಡಿತು. ಸುಮಾರು ಹನ್ನೊಂದು ನಿಮಿಷದಲ್ಲಿ ಗೇಮ್ ಮುಗಿದಿತ್ತು. ಎಷ್ಟೋ ಜನ ಇದನ್ನು ಯಾರೋ ಕೂತು ನೇರವಾಗಿ ಆಡಿದ್ದು ಅಂದುಕೊಂಡು ಬೆರಗಾದರು. ಎಮ್ಯುಲೇಟರ್‌ನಲ್ಲಿ ಫ್ರೇಮ್ ಫ್ರೇಮ್ ಕಟ್ಟಿದ್ದು ಅಂತ ಗೊತ್ತಾದ ಮೇಲೆ ಅದೇ ಜನ ಸಿಟ್ಟಾದರು. ವಿಡಿಯೊ ಬದಲಾಗಿರಲಿಲ್ಲ, ಒಂದು ಪಿಕ್ಸೆಲ್ ಕೂಡ. ನೋಡುವವರ ತಲೆಯಲ್ಲಿದ್ದ ಕಥೆ ಮಾತ್ರ ಬದಲಾಗಿತ್ತು.

ಅವರ ಸಿಟ್ಟು ನಮಗೆ ಅರ್ಥ ಆಗುತ್ತೆ. ಬೌಲಿಂಗ್ ಮಷೀನ್ ಗಂಟೆಗೆ 150 ಕಿಲೋಮೀಟರ್ ಯಾರ್ಕರ್ ಹಾಕಿದ್ರೆ ಯಾರೂ ಚಪ್ಪಾಳೆ ತಟ್ಟಲ್ಲ, ಬುಮ್ರಾ ಹಾಕಿದ್ರೆ ಎದ್ದು ನಿಲ್ತೀವಿ. ಮನುಷ್ಯ ಆಡುವ ಸ್ಪೀಡ್‌ರನ್‌ನಲ್ಲಿ ಮಜಾ ಇರೋದೇ ಭಯದಲ್ಲಿ: ನಾಲ್ಕೂವರೆ ನಿಮಿಷ ಸರಿಯಾಗಿ ಆಡಿ ಕೊನೇ ಜಂಪಲ್ಲಿ ಜಾರಿಬಿಟ್ರೆ? ಟ್ಯಾಸ್‌ನಲ್ಲಿ ಆ ಭಯ ಇಲ್ಲ. ಜಾರಲ್ಲ ಅಂತ ಮೊದಲೇ ಗೊತ್ತು. ಹಾಗಾಗಿ ಮನುಷ್ಯನ ಆಟಕ್ಕೆ ಇಟ್ಟುಕೊಂಡ ಅಳತೆಗೋಲಲ್ಲಿ ಟ್ಯಾಸ್ ಅಳೆದರೆ ಅದು ಪ್ರತಿ ಸಲ ಸೋಲುತ್ತೆ.

ಮೊದಲ ಸೂಪರ್ ಮಾರಿಯೊ ಬ್ರದರ್ಸ್ ತಗೊಳ್ಳಿ. 2023ರಲ್ಲಿ ನಿಫ್ಟ್‌ಸ್ಕಿ ಅನ್ನೋ ಆಟಗಾರ ಅದನ್ನು 4 ನಿಮಿಷ 54.631 ಸೆಕೆಂಡಿನಲ್ಲಿ ಮುಗಿಸಿದ. ಟ್ಯಾಸ್‌ಗೂ ಅದಕ್ಕೂ ಅರ್ಧ ಸೆಕೆಂಡ್ ಕೂಡ ವ್ಯತ್ಯಾಸ ಇಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟರೆ ನಮ್ಮಂಥವರ ಕಣ್ಣಿಗೆ ಎರಡೂ ಒಂದೇ. ಯಾವುದನ್ನು ನೋಡ್ತೀರಾ? ನಾವು ಆರೂ ಜನ ಮನುಷ್ಯನದ್ದೇ ಅಂದ್ವಿ. ಆ ಗೇಮಲ್ಲಿ ಟ್ಯಾಸ್ ಒಂದು ಗುರಿ, ಒಂದು ನಕ್ಷೆ. ಆಟಗಾರರು ಅದನ್ನು ನೋಡಿ ಕಲೀತಾರೆ. ಸಂಜೆ ಹೊತ್ತು ಕಡಲೆಕಾಯಿ ತಿನ್ತಾ ನೋಡೋ ವಸ್ತು ಅಲ್ಲ ಅದು.

ಹಾಗಾದ್ರೆ ವೇಗ ಮತ್ತು ಮನರಂಜನೆ ಬೇರೆ ಬೇರೆ. ಟ್ಯಾಸ್‌ವಿಡಿಯೋಸ್ ಅನ್ನೋ ತಾಣ 2003ರಿಂದ ಇಂಥ ರನ್‌ಗಳನ್ನು ಸಂಗ್ರಹಿಸ್ತಾ ಬಂದಿದೆ. ಅಲ್ಲಿ ಹೊಸ ರನ್ ಬಂದಾಗ ನೋಡಿದವರನ್ನು ನೇರವಾಗಿ ಕೇಳ್ತಾರೆ, ನಿಮಗೆ ಮಜಾ ಬಂತಾ ಅಂತ. ಉತ್ತರ ಹೌದು, ಇಲ್ಲ, ಅಥವಾ ಪರವಾಗಿಲ್ಲ. ಮೊದಮೊದಲು ಗೇಮೇ ಬೋರಿಂಗ್ ಅನಿಸಿದ್ರೆ ಎಷ್ಟೇ ಚೆನ್ನಾಗಿ ಆಡಿದ್ರೂ ರನ್ ತಿರಸ್ಕಾರ ಆಗ್ತಿತ್ತು. 2012ರಲ್ಲಿ "ವಾಲ್ಟ್" ಅಂತ ಒಂದು ವಿಭಾಗ ಮಾಡಿದರು: ಮಜಾ ಇಲ್ಲ, ಆದ್ರೆ ದಾಖಲೆ ವೇಗ ಇದೆ ಅನ್ನೋ ರನ್‌ಗಳಿಗೆ ಜಾಗ. ಒಳ್ಳೇದೇ ಮಾಡಿದರು ಅಂತೀವಿ. ವೇಗ ಅಳೆಯೋಕೆ ಫ್ರೇಮ್ ಎಣಿಸಿದ್ರೆ ಸಾಕು, ಅದರಲ್ಲಿ ಅಭಿಪ್ರಾಯ ಇಲ್ಲ. ಬೋರ್ ಅನ್ನೋದನ್ನು ಎಣಿಸೋಕೆ ಆಗಲ್ಲ. ಎರಡನ್ನೂ ಒಂದೇ ತಕ್ಕಡಿಗೆ ಹಾಕಿದ್ರೆ ಒಂದಕ್ಕಂತೂ ಅನ್ಯಾಯ ಆಗುತ್ತೆ.

ಇನ್ನು ಮನರಂಜನೆ ಅಂದ್ರೇನು? ನಮ್ಮ ಅನಿಸಿಕೆ ಇಷ್ಟು: ಗೇಮ್ ಹೀಗೆ ಆಗಬೇಕು ಅಂತ ನೋಡುವವರಿಗೆ ಮೊದಲು ಒಂದು ನಿರೀಕ್ಷೆ ಇರಬೇಕು. ಆಮೇಲೆ ಆ ನಿರೀಕ್ಷೆ ಕಣ್ಣೆದುರೇ, ಅರ್ಥ ಆಗುವ ಹಾಗೆ, ಮುರೀಬೇಕು. ಅರ್ಥವೇ ಆಗದೆ ಮುರಿದ್ರೆ ಅದು ಬರೀ ಗಲಾಟೆ.

ಬ್ರೇನ್ ಏಜ್ ಅನ್ನೋ ನಿಂಟೆಂಡೊ ಡಿಎಸ್ ಗೇಮ್ ಇದೆ. ಸಣ್ಣ ಲೆಕ್ಕ ಕೊಡುತ್ತೆ, ಉತ್ತರವನ್ನು ಟಚ್ ಸ್ಕ್ರೀನ್ ಮೇಲೆ ಬರೀಬೇಕು. ಅದರ ಟ್ಯಾಸ್‌ನಲ್ಲಿ ಉತ್ತರದ ಜಾಗದಲ್ಲಿ ಅಂಕಿಯೇ ಇರಲ್ಲ, ಚಿತ್ರಗಳು! ಏನೇನೋ ಚಿತ್ರ ಬಿಡಿಸ್ತಾನೆ, ಗೇಮಿನ ಅಕ್ಷರ ಗುರುತಿಸೋ ಪ್ರೋಗ್ರಾಮ್ ಅದನ್ನು ಸರಿಯುತ್ತರ ಅಂತ ಒಪ್ಪಿಕೊಳ್ಳುತ್ತೆ. ಇದನ್ನು ನೋಡಿ ನಮ್ಮ ರೂಮಲ್ಲಿ ಗೇಮ್ ಅಂದ್ರೆ ಮೂಗು ಮುರಿಯೋರೂ ಬಿದ್ದು ಬಿದ್ದು ನಕ್ಕರು. ಯಾಕಂದ್ರೆ ಲೆಕ್ಕಕ್ಕೆ ಉತ್ತರ ಬರೆಯೋದು ಹೇಗೆ ಅಂತ ಎಲ್ಲರಿಗೂ ಗೊತ್ತು. ಫ್ಯಾಮಿಲಿ ಫ್ಯೂಡ್ ಅನ್ನೋ ಕ್ವಿಜ್ ಗೇಮಿನ ಟ್ಯಾಸ್ ಕೂಡ ಇದೇ ಜಾತಿ. ಅಸಂಬದ್ಧ ಪದಗಳನ್ನು ಟೈಪ್ ಮಾಡಿದ್ರೂ ಅದರೊಳಗೆ ಅಲ್ಲಲ್ಲಿ ಸರಿಯಾದ ಅಕ್ಷರ ಹುಡುಕಿಕೊಂಡು ಗೇಮ್ ಅಂಕ ಕೊಡುತ್ತೆ. ಇಂಟರ್ನಲ್ಸ್ ಪೇಪರ್ ಹೀಗೆ ತಿದ್ದಿದ್ರೆ ಎಷ್ಟು ಚೆನ್ನಾಗಿರ್ತಿತ್ತು.

ಇನ್ನೊಂದು ಕಡೆ ಸೂಪರ್ ಮಾರಿಯೊ ವರ್ಲ್ಡ್. ಚಿಪ್ಪು, ಯೋಶಿ, ವಿಚಿತ್ರ ಜಂಪ್‌ಗಳಿಂದ ಮೆಮೊರಿಯಲ್ಲಿ ಬೇಕಾದ ಬೈಟ್‌ಗಳನ್ನು ಜೋಡಿಸಿ, ಗೇಮ್ ಆ ಬೈಟ್‌ಗಳನ್ನೇ ಕೋಡ್ ಅಂತ ಓಡಿಸೋ ಹಾಗೆ ಮಾಡಿ, ಮೊದಲ ಲೆವೆಲ್‌ಗಳಲ್ಲೇ ನೇರ ಕೊನೆಗೆ ಜಿಗಿಯೋ ರನ್‌ಗಳಿವೆ. ತಾಂತ್ರಿಕವಾಗಿ ತಲೆ ತಿರುಗುತ್ತೆ. ನೋಡೋಕೆ? ಮಾರಿಯೊ ಅತ್ತಿತ್ತ ಒದ್ದಾಡ್ತಾನೆ, ಸ್ಕ್ರೀನ್ ಕೆಡುತ್ತೆ, "ದಿ ಎಂಡ್". ಗೊತ್ತಿಲ್ಲದವರು "ಏನಾಯ್ತು, ಹ್ಯಾಂಗ್ ಆಯ್ತಾ?" ಅಂತಾರೆ. ಆದ್ರೆ 2014ರ ಜನವರಿಯಲ್ಲಿ ಅಮೆರಿಕದ ಆಸಮ್ ಗೇಮ್ಸ್ ಡನ್ ಕ್ವಿಕ್ ಕಾರ್ಯಕ್ರಮದಲ್ಲಿ ಇದೇ ಬಗೆಯ ದೋಷ ಬಳಸಿ, ಟ್ಯಾಸ್‌ಬಾಟ್ ಅನ್ನೋ ಯಂತ್ರದಿಂದ ನಿಜವಾದ ಕನ್ಸೋಲ್‌ಗೆ ಬಟನ್‌ಗಳನ್ನು ಕಳಿಸಿ, ಮಾರಿಯೊ ಗೇಮಿನೊಳಗೇ ಪಾಂಗ್ ಮತ್ತು ಸ್ನೇಕ್ ಗೇಮ್ ಬರಿಸಿದರು. ಮಾರಿಯೊ ಇದ್ದ ಕಡೆ ಪಾಂಗ್ ಬಂದ್ರೆ ಏನೋ ಅಸಾಧ್ಯ ಆಗಿದೆ ಅಂತ ಅಜ್ಜಿಗೂ ಗೊತ್ತಾಗುತ್ತೆ. ದೋಷದ ಜಾತಿ ಒಂದೇ, ಒಂದು ಮಂಕು, ಇನ್ನೊಂದು ಹಬ್ಬ. 2016ರಲ್ಲಿ ಸೆತ್‌ಬ್ಲಿಂಗ್ ಅನ್ನೋನು ಇನ್ನೂ ಮುಂದೆ ಹೋಗಿ, ಬಾಟ್ ಇಲ್ಲದೆ ಬರೀ ಕೈಯಲ್ಲಿ ಆಡ್ತಾ ಅದೇ ಗೇಮಿನೊಳಗೆ ಫ್ಲಾಪಿ ಬರ್ಡ್ ಬರೆದ. ಇಲ್ಲಿ ಮತ್ತೆ ಬುಮ್ರಾ ಲೆಕ್ಕ ಬರುತ್ತೆ, ಬಿಡಿ.

ಇಷ್ಟು ಹೇಳಿದ ಮೇಲೆ ಬ್ಯಾಟಲ್ ಸಿಟಿಗೆ ವಾಪಸ್ ಬರಬೇಕು, ನಮ್ಮ ಜಗಳ ಇದ್ದಿದ್ದು ಅಲ್ಲೇ.

ಆ ಗೇಮಿನಲ್ಲಿ 35 ಸ್ಟೇಜ್. ಪ್ರತಿಯೊಂದರಲ್ಲೂ 20 ಶತ್ರು ಟ್ಯಾಂಕ್. ಒಬ್ಬರೇ ಆಡುವಾಗ ಸ್ಕ್ರೀನ್ ಮೇಲೆ ಒಟ್ಟಿಗೆ ನಾಲ್ಕಕ್ಕಿಂತ ಹೆಚ್ಚು ಬರಲ್ಲ. ಮೇಲಿನ ಸಾಲಿನ ಎಡ, ಮಧ್ಯ, ಬಲ, ಈ ಮೂರೇ ಜಾಗದಲ್ಲಿ ಹುಟ್ಟುತ್ತವೆ. ವೇಗವಾಗಿ ಮುಗಿಸಬೇಕು ಅಂದ್ರೆ ಹುಟ್ಟೋ ಜಾಗದ ಹತ್ತಿರ ನಿಂತು, ಬಂದ ತಕ್ಷಣ ಹೊಡೆಯೋದು. ಅಂದ್ರೆ ಒಳ್ಳೇ ಟ್ಯಾಸ್ ಆದಷ್ಟೂ ಅದು ರೇಷನ್ ಅಂಗಡಿ ಕ್ಯೂ ಥರ ಕಾಣುತ್ತೆ: ಒಬ್ಬ ಬಂದ, ಹೋದ, ಇನ್ನೊಬ್ಬ ಬಂದ, ಹೋದ. ನಾವು ಚಿಕ್ಕವರಿದ್ದಾಗ ಇದ್ದ ಗಡಿಬಿಡಿ, ಅಯ್ಯೋ ಹದ್ದು ಹೋಯ್ತು ಅನ್ನೋ ಕಿರುಚಾಟ, ಯಾವುದೂ ಇಲ್ಲ. ಅದು ಬೋರ್ ಅಂತ ಇವತ್ತೂ ನಾವು ಹೇಳ್ತೀವಿ, ಗೆಳೆಯ ಬೇಜಾರು ಮಾಡಿಕೊಂಡ್ರೂ.

ಆದ್ರೆ ಎರಡು ವಾರದ ಮೇಲೆ ಅವನು ಒಂದು ಷರತ್ತು ಹಾಕಿ ಮತ್ತೆ ತೋರಿಸಿದ: ಅವನು ಪಕ್ಕದಲ್ಲಿ ಕೂತು ಮಾತಾಡ್ತಾನೆ, ನಾವು ಫೋನ್ ಮುಟ್ಟಬಾರದು. ಎರಡನೇ ಸ್ಟೇಜಲ್ಲಿ ನಿಲ್ಲಿಸಿ ಕೇಳಿದ, "ಈ ಗುಂಡು ಗೋಡೆಗೆ ಯಾಕೆ ಹೊಡೆದೆ, ಹೇಳಿ." ನಮಗೆ ಅದು ಸುಮ್ನೆ ಹೊಡೆದಿದ್ದು ಅನಿಸಿತ್ತು. ಅಲ್ಲ. ಒಮ್ಮೆಗೆ ಒಂದೇ ಗುಂಡು ಗಾಳಿಯಲ್ಲಿ ಇರಬಹುದು. ಹತ್ತಿರದ ಗೋಡೆಗೆ ಹೊಡೆದು ಅದನ್ನು ಬೇಗ ಮುಗಿಸಿದ್ರೆ ಮುಂದಿನ ಗುಂಡು ಬೇಗ ಸಿಗುತ್ತೆ. ಆಮೇಲೆ ಒಂದು ಕಡೆ ಶತ್ರು ಗುಂಡಿಗೆ ಎದುರು ಗುಂಡು ಹೊಡೆದು ಎರಡೂ ಗಾಳಿಯಲ್ಲೇ ಮಾಯ. ಗುಂಡಿಗೆ ಗುಂಡು ತಾಗಿದ್ರೆ ಎರಡೂ ಹೋಗುತ್ತೆ ಅಂತ ಚಿಕ್ಕಂದಿನಲ್ಲೇ ನಮಗೆ ಗೊತ್ತಿತ್ತು, ಅದು ಅದೃಷ್ಟ ಅಂದುಕೊಂಡಿದ್ವಿ. ಇವನು ಅದನ್ನು ಬೇಕು ಅಂತಲೇ ಮಾಡಿದ್ದ, ಒಂದೇ ಸ್ಟೇಜಲ್ಲಿ ಮೂರು ಸಲ. ಮೊದಲ ಸಲ ನೋಡಿದಾಗ ಆ ಮೂರೂ ನಮ್ಮ ಕಣ್ಣಿಗೇ ಬಿದ್ದಿರಲಿಲ್ಲ. ಐದನೇ ಸ್ಟೇಜ್ ಹೊತ್ತಿಗೆ ನಾವೇ "ಈಗ ಗೋಡೆಗೆ ಹೊಡೀತಾನೆ ನೋಡು" ಅನ್ನೋಕೆ ಶುರು ಮಾಡಿದ್ವಿ. ಆಗ ಗೊತ್ತಾಯ್ತು, ಇಷ್ಟು ದಿನ ನಮಗೆ ನಿರೀಕ್ಷೆಯೇ ಇರಲಿಲ್ಲ, ಇನ್ನು ಮುರಿಯೋದೆಲ್ಲಿಂದ.

ಇದಕ್ಕೆ ನಮ್ಮೊಳಗೇ ಎದುರು ವಾದ ಇದೆ. ವಿವರಣೆ ಕೊಟ್ಟರೆ ಮಾತ್ರ ಮಜಾ ಬರೋದಾದ್ರೆ, ಮಜಾ ಇರೋದು ವಿವರಣೆಯಲ್ಲಿ, ರನ್‌ನಲ್ಲಲ್ಲ ಅಂತ. ಜೋಕ್ ವಿವರಿಸಿದ ಹಾಗೆ. ಈ ವಾದಕ್ಕೆ ನಮ್ಮ ಉತ್ತರ 2016ರ ಒಂದು ವಿಡಿಯೊ. ಸೂಪರ್ ಮಾರಿಯೊ 64ನಲ್ಲಿ ಜಂಪ್ ಬಟನ್ ಆದಷ್ಟು ಕಡಿಮೆ ಒತ್ತಿ ಆಡೋ ಸವಾಲು ಇದೆ. ಪ್ಯಾನೆನ್‌ಕೋಕ್ ಅನ್ನೋ ಹೆಸರಿನವನು ಒಂದು ನಕ್ಷತ್ರವನ್ನು "ಅರ್ಧ" ಒತ್ತಿನಲ್ಲಿ ತೆಗೆದುಕೊಳ್ಳೋದು ಹೇಗೆ ಅಂತ ಟ್ಯಾಸ್ ಮಾಡಿ ವಿವರಿಸಿದ. ಅದರೊಳಗೆ ವೇಗ ಕೂಡಿಸೋಕೆ ಮಾರಿಯೊನನ್ನು ಒಂದೇ ಜಾಗದಲ್ಲಿ ಹನ್ನೆರಡು ಗಂಟೆ ಬಿಡೋ ಹಂತ ಇದೆ. ಅದನ್ನು ಹಾಗೇ ಯಾರು ನೋಡ್ತಾರೆ? ಯಾರೂ ಇಲ್ಲ. ಆದ್ರೆ ಬಟನ್ ಒತ್ತೋದು, ಹಿಡಿಯೋದು, ಬಿಡೋದು ಮೂರೂ ಬೇರೆ ಬೇರೆ, ಅದಕ್ಕೇ ಅರ್ಧ ಅಂತ ಅವನು ಗಂಭೀರವಾಗಿ ಹೇಳ್ತಾ ಹೋಗೋದನ್ನು ಲಕ್ಷಾಂತರ ಜನ ನೋಡಿದ್ದಾರೆ. ಇಲ್ಲಿ ವಿವರಣೆ ತೆಗೆದ್ರೆ ಏನೂ ಉಳಿಯಲ್ಲ, ನಿಜ. ಆದ್ರೆ ಆ ರನ್ ಇಲ್ಲದೆ ವಿವರಣೆಗೆ ಏನಿದೆ? ಎಲ್‌ಬಿಡಬ್ಲ್ಯು ಅಂದ್ರೇನು ಅಂತ ಗೊತ್ತಿಲ್ಲದವರನ್ನು ಐದು ದಿನದ ಟೆಸ್ಟ್ ಮ್ಯಾಚಿಗೆ ಕರ್ಕೊಂಡು ಹೋಗಿ "ಮಜಾ ಬಂತಾ" ಅಂತ ಕೇಳಿದ್ರೆ ಬರೋ ಉತ್ತರಕ್ಕೆ ಎಷ್ಟು ಬೆಲೆ ಕೊಡ್ತೀರೋ, ಮೂರನೇ ಸ್ಟೇಜಲ್ಲಿ ನಾವು ಹೇಳಿದ "ಬೋರ್"ಗೂ ಅಷ್ಟೇ ಬೆಲೆ.

ಹಾಗಂತ ಮಾಡಿದವನ ಶ್ರಮ ನೋಡಿ ಮಾರ್ಕ್ಸ್ ಕೊಡಿ ಅಂತ ನಾವು ಹೇಳ್ತಾ ಇಲ್ಲ. ಎರಡು ತಿಂಗಳು ಕಷ್ಟಪಟ್ಟ ಅನ್ನೋದು ಮನರಂಜನೆ ಅಲ್ಲ, ಮಿನಿ ಪ್ರಾಜೆಕ್ಟ್ ರಿವ್ಯೂನಲ್ಲಿ ಅದೇ ಮಾತು ಕೇಳಿ ಕೇಳಿ ನಮಗೇ ಸಾಕಾಗಿದೆ. ಮೊರಿಮೊಟೊನನ್ನೇ ಮತ್ತೆ ನೋಡಿ. ಮಾರಿಯೊ 3ರಲ್ಲಿ ಪರದೆ ತಾನಾಗೇ ಸರಿಯೋ ಲೆವೆಲ್‌ಗಳಿವೆ. ಅಲ್ಲಿ ಎಷ್ಟೇ ಜಾಣನಾದ್ರೂ ವೇಗ ಹೆಚ್ಚಿಸೋಕೆ ಆಗಲ್ಲ. ಅವನು ಸುಮ್ನೆ ನಿಲ್ಲಲಿಲ್ಲ. ಹಾರಿ ಬರೋ ಗುಂಡುಗಳ ಮೇಲೆ ಕುಣಿದು ಕುಣಿದು ಜೀವಗಳನ್ನು ಸಾಲಾಗಿ ಗಳಿಸಿದ. ಆ ಜೀವಗಳಿಂದ ಉಪಯೋಗವೇ ಇಲ್ಲ, ಸಾಯೋ ಆಟ ಅಲ್ಲವಲ್ಲ ಅದು. ಕಾಯೋ ಹೊತ್ತಲ್ಲಿ ನೋಡುವವರನ್ನು ನೆನಪಿಟ್ಟುಕೊಂಡ, ಅಷ್ಟೇ. ನಮ್ಮ ಗೆಳೆಯನ ರನ್‌ನಲ್ಲಿ ಇಲ್ಲದ್ದು ಅದು. ಮುಂದಿನ ಟ್ಯಾಂಕ್ ಹುಟ್ಟೋವರೆಗೂ ಅವನ ಟ್ಯಾಂಕ್ ಬೆಂಚ್ ಮೇಲೆ ಕೂತ ಹಾಗೆ ನಿಂತಿರುತ್ತೆ. ಅದನ್ನೇ ಅವನಿಗೆ ಹೇಳಿದ್ವಿ, ಈ ಸಲ "ಬೋರ್" ಅಂತ ಅಲ್ಲ, ಯಾವ ಸ್ಟೇಜ್, ಎಷ್ಟನೇ ಟ್ಯಾಂಕ್ ಅಂತ ಪಟ್ಟಿ ಮಾಡಿ.

ಪಟ್ಟಿಯಲ್ಲಿ ಹದಿನಾಲ್ಕು ಜಾಗ ಇತ್ತು. ಅವನು ಹನ್ನೊಂದನ್ನು ಒಪ್ಪಿದ. ಈಗ ಆರನೇ ಸ್ಟೇಜಲ್ಲಿ ಕಾಯೋ ಹೊತ್ತಿಗೆ ಅವನ ಟ್ಯಾಂಕ್ ಇಟ್ಟಿಗೆ ಗೋಡೆ ಕೊರೆದು ಏನೋ ಆಕಾರ ಮಾಡ್ತಾ ಇದೆ. ಅವನು ಅದನ್ನು "ಗ" ಅಕ್ಷರ ಅಂತಾನೆ. ನಮಗೆ ಬಾಗಿಲಿನ ಥರ ಕಾಣುತ್ತೆ. ಉಳಿದ ಮೂರು ಜಾಗದಲ್ಲಿ ಏನೇ ಮಾಡಿದ್ರೂ ನಾಲ್ಕೈದು ಫ್ರೇಮ್ ಕಳ್ಕೊಳ್ತೀನಿ, ಕೊಡಲ್ಲ ಅಂತ ಹಠ ಹಿಡಿದಿದ್ದಾನೆ. ಸೆಕೆಂಡಿನ ಹನ್ನೆರಡನೇ ಒಂದು ಭಾಗ! ಕೊಡಬೇಕು ಅಂತ ನಮ್ಮಲ್ಲಿ ನಾಲ್ಕು ಜನ, ಕೊಡಬಾರದು ಅಂತ ಅವನೂ ಇನ್ನೊಬ್ಬರೂ. ಮೆಸ್‌ನಲ್ಲಿ ಸಿಕ್ಕರೆ ನಿಮ್ಮ ಓಟೂ ಹೇಳಿ ಹೋಗಿ.