ತುಕ್ಕಿನ ಮೇಲೆ ಬೆಸುಗೆ ಕೂರೋದಿಲ್ಲ ಮಾರಾಯ್ರೆ

ಈಗ ವೆಲ್ಡಿಂಗ್ ಮಷೀನು ಆರೇಳು ಸಾವಿರಕ್ಕೆ ಕೊರಿಯರಿನಲ್ಲಿ ಮನೆ ಬಾಗಿಲಿಗೆ ಬರುತ್ತದೆ. ನಾನು ಠಾಣೆಯ ವಾಗ್ಳೆ ಎಸ್ಟೇಟಿನ ಒಂದು ಫ್ಯಾಬ್ರಿಕೇಷನ್ ಶಾಪಿಗೆ ಸೇರಿದ ಕಾಲದಲ್ಲಿ ಅದನ್ನು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಸರಿಸಲು ನಾಲ್ಕು ಜನ ಬೇಕಾಗಿತ್ತು. ಈಗಿನ ಇನ್ವರ್ಟರ್ ಮಷೀನನ್ನು ಹೆಗಲಿಗೆ ನೇತುಹಾಕಿಕೊಂಡು ಲೋಕಲ್ ಹತ್ತಬಹುದು (ವಿರಾರ್ ಲೋಕಲ್ ಬಿಟ್ಟು!). ಒಳ್ಳೆಯದೇ. ಆದರೆ ಇದರ ಜೊತೆಗೇ ಒಂದು ಚಾಳಿ ಶುರುವಾಗಿದೆ. ಶನಿವಾರ ಮಷೀನು ಬರುತ್ತದೆ, ರಾತ್ರಿ ನಾಲ್ಕು ವಿಡಿಯೋ ನೋಡುತ್ತಾರೆ, ಭಾನುವಾರ ಬೆಳಿಗ್ಗೆ ನೇರವಾಗಿ ಗಾಡಿಯ ಫ್ರೇಮಿಗೇ ರಾಡ್ ಹಚ್ಚುತ್ತಾರೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಹೊಸಬರು ತುಕ್ಕು ಹಿಡಿದ ಗಾಡಿಯನ್ನು ತಾವೇ ರಿಪೇರಿ ಮಾಡಬಾರದು ಅನ್ನುವವನಲ್ಲ ನಾನು. ಮಾಡಬಹುದು, ರಸ್ತೆ ಬದಿಯ ಟಿಂಕರಿಂಗ್ ಅಂಗಡಿಗಿಂತ ಚೆನ್ನಾಗಿಯೂ ಮಾಡಬಹುದು. ಆದರೆ ಆ ಕೆಲಸದಲ್ಲಿ ವೆಲ್ಡಿಂಗ್ ಅನ್ನೋದು ಕೊನೆಯ, ಸಣ್ಣ ಪಾಲು. ಎಲ್ಲಿ ವೆಲ್ಡ್ ಮಾಡಬಾರದು ಅಂತ ತಿಳಿಯೋದು ದೊಡ್ಡ ಪಾಲು.

ಈ ಮಾತು ಈಗ ಯಾಕೆ ಬಂತು ಅಂದರೆ, ಡೊಂಬಿವಲಿಯ ನಮ್ಮ ಬಿಲ್ಡಿಂಗಿನಲ್ಲಿ ಹುಬ್ಬಳ್ಳಿ ಕಡೆಯವರೊಬ್ಬರಿದ್ದಾರೆ. ಅವರ ತಂದೆ ಇಲ್ಲೇ ನೌಕರಿಯಲ್ಲಿದ್ದಾಗ ಕೊಂಡ ಬಜಾಜ್ ಚೇತಕ್ ಇನ್ನೂ ಅವರ ಹತ್ತಿರ ಇದೆ. ತಂದೆ ತೀರಿಕೊಂಡ ಮೇಲೆ ಅದು ಕೆಳಗೆ ಪಾರ್ಕಿಂಗಿನಲ್ಲೇ ನಿಂತಿತ್ತು. ಈಗ ಮಗಳು ಕಾಲೇಜಿಗೆ ಅಜ್ಜನ ಸ್ಕೂಟರಿನಲ್ಲೇ ಹೋಗ್ತೀನಿ ಅಂತ ಹಟ ಹಿಡಿದಿದ್ದಾಳೆ. ಇಂಜಿನ್ ಚಾಲೂ ಆಯಿತು, ಪಾಪ, ಅದರದ್ದೇನೂ ತಕರಾರಿಲ್ಲ. ಕಾಲಿಡುವ ಫ್ಲೋರಿನ ಮ್ಯಾಟ್ ಎತ್ತಿದರೆ ಕೆಳಗೆ ನೆಲ ಕಾಣುತ್ತದೆ. "ಸರ, ನೀವು ಫ್ಯಾಕ್ಟರ್ಯಾಗ ಇದ್ದವರು, ಒಂದ್ ಸಲ ನೋಡ್ರಿ. ಮಷೀನ್ ತರಿಸೇನಿ, ನಾನ ಮಾಡಾಂವ" ಅಂದರು.

ಚೇತಕ್ ಗೊತ್ತಿಲ್ಲದ ಈಗಿನ ಮಕ್ಕಳಿಗಾಗಿ ಒಂದು ಮಾತು. 1972ರಲ್ಲಿ ಬಂದ ಗಾಡಿ. ಬುಕ್ ಮಾಡಿ ವರ್ಷಗಟ್ಟಲೆ ಕಾಯಬೇಕಾಗಿದ್ದ ಕಾಲವಿತ್ತು. 2009ರ ಡಿಸೆಂಬರಿನಲ್ಲಿ ಬಜಾಜ್ ಕಂಪನಿ ಸ್ಕೂಟರುಗಳನ್ನೇ ಬಿಡುವುದಾಗಿ ಘೋಷಿಸಿತು, 2020ರಲ್ಲಿ ಅದೇ ಹೆಸರಿನಲ್ಲಿ ಎಲೆಕ್ಟ್ರಿಕ್ ಸ್ಕೂಟರ್ ಬಂತು. ಹಳೆಯ ಚೇತಕ್ಕಿಗೆ ಮೋಟರ್‌ಸೈಕಲ್ಲಿನ ಹಾಗೆ ಪೈಪಿನ ಬೇರೆ ಫ್ರೇಮ್ ಇಲ್ಲ. ಒತ್ತಿ ತೆಗೆದ ಉಕ್ಕಿನ ಪತ್ರಾಗಳನ್ನು ಜೋಡಿಸಿದ ಬಾಡಿಯೇ ಅದರ ಫ್ರೇಮ್. ಹ್ಯಾಂಡಲಿನ ಕೊಳವೆ, ಫ್ಲೋರು, ಹಿಂದಿನ ಇಂಜಿನ್ ಹಿಡಿದಿರುವ ಜಾಗ ಎಲ್ಲ ಒಂದೇ ಒಡಲು. ಆದ್ದರಿಂದ ಫ್ಲೋರಿನ ತೂತು ಬರೀ ಕಾಲಿಗೆ ಕೆಸರು ಸಿಡಿಯುವ ತಾಪತ್ರಯ ಅಲ್ಲ. ಬೆನ್ನುಮೂಳೆಗೇ ಹುಳ ಹತ್ತಿದ ಹಾಗೆ.

ಅದಕ್ಕೆ ಹುಳ ಹತ್ತಿದ್ದಾದರೂ ಎಲ್ಲಿಂದ? ಮೇಲಿನಿಂದ ಅಲ್ಲ, ಒಳಗಿನಿಂದ. ಫ್ಲೋರಿನ ಅಡಿಯಲ್ಲಿ ಬಲಕ್ಕೆಂದು ಕೊಟ್ಟ ಪಟ್ಟಿಗಳ ಒಳಗೆ ನೀರು, ಕೆಸರು ಸೇರಿಕೊಂಡರೆ ಹೊರಗೆ ಬರುವ ದಾರಿ ಸಣ್ಣದು. ಮಣ್ಣು ಕಟ್ಟಿಕೊಂಡು ಅದೂ ಮುಚ್ಚಿಹೋಗುತ್ತದೆ. ಮೇಲೆ ರಬ್ಬರ್ ಮ್ಯಾಟು ತೇವವನ್ನು ಹಿಡಿದಿಡುತ್ತದೆ. ಅಲ್ಯೂಮಿನಿಯಂ ಪಟ್ಟಿಯ ಸ್ಕ್ರೂ ಕೂತ ಜಾಗದಲ್ಲಿ ಎರಡು ಲೋಹ ಒಂದಕ್ಕೊಂದು ತಾಗಿ, ಮಧ್ಯೆ ಉಪ್ಪುನೀರು ಸೇರಿದರೆ ಕೇಳುವುದೇ ಬೇಡ. ಮುಂಬಯಿಯ ಗಾಳಿಯಲ್ಲೇ ಉಪ್ಪಿದೆ. ಸಾಲದ್ದಕ್ಕೆ ಈ ಗಾಡಿ 2005ರ ಜುಲೈ 26ರ ಪ್ರವಾಹ ಕಂಡಿದ್ದು. ಆ ದಿನ ಸಾಂತಾಕ್ರೂಜಿನಲ್ಲಿ 944 ಮಿಲಿಮೀಟರ್ ಮಳೆ, ನಮ್ಮ ಕಡೆ ಉಲ್ಹಾಸ ನದಿ ಉಕ್ಕಿ ಹರಿದಿತ್ತು. ಸ್ಕೂಟರು ಸೀಟಿನವರೆಗೆ ಮುಳುಗಿ ನಿಂತಿತ್ತಂತೆ.

ಇನ್ನು ನನ್ನ ಮುಖ್ಯ ಮಾತು. ಕನ್ನಡದಲ್ಲಿ ಬೆಸುಗೆ ಅನ್ನುವ ಒಂದೇ ಪದದಲ್ಲಿ ನಾವು ಎರಡು ಕೆಲಸ ಸೇರಿಸಿಬಿಟ್ಟಿದ್ದೇವೆ. ರೇಡಿಯೋ ರಿಪೇರಿಯವನು ಸೀಸ ಕರಗಿಸಿ ತಂತಿ ಅಂಟಿಸುವುದೂ ಬೆಸುಗೆ, ವೆಲ್ಡರ್ ಮಾಡುವುದೂ ಬೆಸುಗೆ. ಮೊದಲನೆಯದರಲ್ಲಿ ತಂತಿ ಕರಗುವುದಿಲ್ಲ, ನಡುವೆ ಹಾಕಿದ ಸೀಸ ಕರಗಿ ಹಿಡಿದುಕೊಳ್ಳುತ್ತದೆ. ವೆಲ್ಡಿಂಗಿನಲ್ಲಿ ಎರಡು ಕಡೆಯ ಕಬ್ಬಿಣವೂ ಕರಗಿ, ರಾಡಿನ ಲೋಹದ ಜೊತೆ ಬೆರೆತು ಒಂದಾಗಬೇಕು. ತುಕ್ಕು ಅಂದರೆ ಕಬ್ಬಿಣವೇ ಅಲ್ಲ, ಕಬ್ಬಿಣ ಸತ್ತ ಮೇಲೆ ಉಳಿದ ಬೂದಿ. ಅದರ ಮೇಲೆ ಎಷ್ಟು ಚೆಂದದ ಸಾಲು ಎಳೆದರೂ ಒಳಗೆ ಗುಳ್ಳೆ, ತೂತು, ಕಸ. ಹೊಸಬರಿಗೆ ಮೋಸ ಆಗೋದು ಇಲ್ಲೇ. ಮೇಲೆ ನೋಡಿದರೆ ಸಾಲು ಕೂತಿರುತ್ತದೆ, ಸುತ್ತಿಗೆಯಿಂದ ಒಂದು ಹೊಡೆದರೆ ಹಲ್ಲಿನ ಪಾಚಿಯ ಹಾಗೆ ಕಳಚಿ ಬರುತ್ತದೆ.

ಹಾಗಾಗಿ ಮೊದಲು ಕೈಗೆತ್ತಿಕೊಳ್ಳಬೇಕಾದ್ದು ಮಷೀನಲ್ಲ, ಒಂದು ಸಣ್ಣ ಸುತ್ತಿಗೆ ಮತ್ತು ಹಳೇ ಸ್ಕ್ರೂಡ್ರೈವರ್. ಫ್ಲೋರಿನ ಉದ್ದಕ್ಕೂ ತಟ್ಟುತ್ತಾ ಹೋಗಿ. ಗಟ್ಟಿ ಪತ್ರಾ ಟಣ್ ಅನ್ನುತ್ತದೆ, ಸತ್ತದ್ದು ಮಡಕೆ ಒಡೆದ ಹಾಗೆ ಡಬ್ ಅನ್ನುತ್ತದೆ. ಅನುಮಾನ ಬಂದಲ್ಲಿ ಚುಚ್ಚಿ. ಚುಚ್ಚಲು ಮನಸ್ಸು ಬರುವುದಿಲ್ಲ, ನಿಜ, ತೂತು ದೊಡ್ಡದಾಗುತ್ತದಲ್ಲ ಅಂತ. ಆದರೆ ಸ್ಕ್ರೂಡ್ರೈವರಿಗೆ ತಡೆಯದ ಪತ್ರಾ ಕಲ್ಯಾಣ-ಶೀಳ್ ರೋಡಿನ ಹೊಂಡಗಳಿಗೆ ತಡೆಯುತ್ತದೆಯೇ? ಆಮೇಲೆ ಗ್ರೈಂಡರ್ ಹಿಡಿದು, ಹೊಳೆಯುವ ಬಿಳಿ ಕಬ್ಬಿಣ ಕಾಣುವವರೆಗೆ, ತೆಳುವಾಗದೆ ಉಳಿದ ಪತ್ರಾ ಸಿಗುವವರೆಗೆ ಕತ್ತರಿಸಬೇಕು. ಅಂಗೈಯಗಲದ ತೂತು ಅಂತ ಶುರುಮಾಡಿದ್ದು ಅರ್ಧ ಫ್ಲೋರ್ ಆಗುತ್ತದೆ. ಆಗಲಿ ಬಿಡಿ.

ಇಲ್ಲೇ ಹೊಸಬನಿಗೆ ಅಂಗಡಿಯವನಿಗಿಂತ ಒಂದು ಅನುಕೂಲ ಇರೋದು. ಅವನ ಹತ್ತಿರ ಸಮಯ ಇದೆ. ಟಿಂಕರನಿಗೆ ಸಂಜೆಯೊಳಗೆ ಗಾಡಿ ಹೊರಗೆ ಹಾಕಬೇಕು, ಹಿಂದೆ ಇನ್ನೂ ನಾಲ್ಕು ನಿಂತಿರುತ್ತವೆ. ತುಕ್ಕು ಬಿಡಿಸಿ ಅಂದರೆ ಯಾರೂ ಅದಕ್ಕೆ ದುಡ್ಡು ಕೊಡುವುದಿಲ್ಲ. ಅವನು ತುಕ್ಕಿನ ಮೇಲೆಯೇ ಹೊಸ ಪತ್ರಾ ಇಟ್ಟು, ನಾಲ್ಕು ಕಡೆ ಟಾಕಾ ಹೊಡೆದು, ಮೇಲೆ ಪುಟ್ಟಿ ಮೆತ್ತಿ ಪೇಂಟ್ ಹೊಡೆಯುತ್ತಾನೆ. ಗಿರಾಕಿಗೆ ಖುಷಿ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಎರಡು ಪತ್ರಾಗಳ ನಡುವೆ ನೀರು ನಿಂತು ಹಳೆಯದರ ಜೊತೆ ಹೊಸದೂ ಹೋಗಿರುತ್ತದೆ. ನಾನು ಟಿಂಕರರನ್ನು ಬೈಯುತ್ತಿಲ್ಲ. ಎಂಟುನೂರು ರೂಪಾಯಿಗೆ ಎಂಟುನೂರರ ಕೆಲಸ ಸಿಗುತ್ತದೆ.

ಇನ್ನು ಮಷೀನಿನ ವಿಷಯ. ನೆರೆಯವರು ತರಿಸಿದ್ದು ರಾಡಿನ ಆರ್ಕ್ ಮಷೀನು. ಗೇಟು, ಗ್ರಿಲ್ಲು, ಬಾಲ್ಕನಿಯ ಸ್ಟ್ಯಾಂಡಿಗೆ ಅದು ಅಡ್ಡಿಯಿಲ್ಲ. ಆದರೆ ಒಂದು ಮಿಲಿಮೀಟರಿನ ಆಸುಪಾಸಿನ ಪತ್ರಾಕ್ಕೆ ಹೊಸಬ ರಾಡ್ ಹಚ್ಚಿದರೆ ಬೆಸುಗೆ ಆಗುವುದಕ್ಕಿಂತ ಮೊದಲು ತೂತು ಬೀಳುತ್ತದೆ. ನುರಿತವನು 2 ಮಿಲಿಮೀಟರ್ ರಾಡಿನಲ್ಲಿ ಕರೆಂಟ್ ಇಳಿಸಿ ಹೇಗೋ ಸಂಭಾಳಿಸುತ್ತಾನೆ. ತೆಳು ಪತ್ರಾಕ್ಕೆ ಗ್ಯಾಸ್ ಇರುವ ಮಿಗ್ ಮಷೀನು, 0.8 ಅಥವಾ 0.6 ಮಿಲಿಮೀಟರ್ ತಂತಿ, ಇದೇ ಸರಿ. ಕೊಳ್ಳಲು ದುಬಾರಿಯಾದರೆ ಪರಿಚಯದ ಶಾಪಿನಲ್ಲಿ ಒಂದೆರಡು ದಿನಕ್ಕೆ ಕೇಳಿ ನೋಡಿ. ಅದರಲ್ಲೂ ಉದ್ದಕ್ಕೆ ಒಂದೇ ಸಮನೆ ಎಳೆಯಬೇಡಿ, ಪತ್ರಾ ಅಪ್ಪಳದ ಹಾಗೆ ಸುರುಟಿಕೊಳ್ಳುತ್ತದೆ. ಈ ಮೂಲೆಗೊಂದು ಚುಕ್ಕಿ, ಆ ಮೂಲೆಗೊಂದು ಚುಕ್ಕಿ, ಆರಲು ಬಿಟ್ಟು ನಡುವೆ ಇನ್ನೊಂದು, ಹೀಗೆ ತುಂಬುತ್ತಾ ಬರಬೇಕು. ತೇಪೆಯ ಮೂಲೆಗಳನ್ನು ದುಂಡಗೆ ಕತ್ತರಿಸಿ, ಚೂಪು ಮೂಲೆಯಿಂದಲೇ ಬಿರುಕು ಹೊರಡುವುದು.

ಅದಕ್ಕೂ ಮುಂಚೆ ಅಭ್ಯಾಸ. ಕುರ್ಲಾದ ಸಿಎಸ್‌ಟಿ ರೋಡಿನ ಕಡೆ ಹೋದರೆ ಹಳೇ ಗಾಡಿಗಳ ಭಾಗಗಳಿಗೇನು ಬರಗಾಲವಿಲ್ಲ. ಅಷ್ಟೇ ದಪ್ಪದ ಪತ್ರಾ ತಂದು, ತುಂಡು ಮಾಡಿ, ಒಂದರ ಮೇಲೊಂದು ಇಟ್ಟು ವೆಲ್ಡ್ ಮಾಡಿ. ಆಮೇಲೆ ವೈಸಿಗೆ ಕಚ್ಚಿಸಿ ಸುತ್ತಿಗೆಯಿಂದ ಬಗ್ಗಿಸಿ. ಬೆಸುಗೆಯೇ ಬಿಟ್ಟುಕೊಂಡರೆ ಫೇಲ್. ಬೆಸುಗೆ ನಿಂತು ಪಕ್ಕದ ಪತ್ರಾ ಹರಿದರೆ ಪಾಸ್. ಹತ್ತಕ್ಕೆ ಹತ್ತು ಪಾಸ್ ಆಗುವವರೆಗೆ ಗಾಡಿಯ ಹತ್ತಿರ ಸುಳಿಯಬೇಡಿ ಅಂತ ಅವರಿಗೆ ಹೇಳಿದ್ದೇನೆ. ಮುಖ ಸ್ವಲ್ಪ ಸಪ್ಪೆಯಾಯಿತು. ಜಿಐ ಪತ್ರಾ ಮಾತ್ರ ತರಬೇಡಿ ಅಂತಲೂ ಹೇಳಿದೆ. ತುಕ್ಕು ಹಿಡಿಯುವುದಿಲ್ಲ ಅಂತ ಎಲ್ಲರೂ ಅದನ್ನೇ ತರುತ್ತಾರೆ, ಆದರೆ ಮೇಲಿನ ಸತು ಉರಿದು ಬರುವ ಬಿಳಿ ಹೊಗೆ ಕುಡಿದರೆ ರಾತ್ರಿ ಚಳಿ ಜ್ವರ ಗ್ಯಾರಂಟಿ.

ಕಣ್ಣಿನ ವಿಷಯದಲ್ಲಿ ನಾನು ಜಗಳವನ್ನೇ ಆಡುತ್ತೇನೆ. ಕೂಲಿಂಗ್ ಗ್ಲಾಸ್ ಹಾಕಿಕೊಂಡು, ಕಾಲಿಗೆ ಹವಾಯಿ ಚಪ್ಪಲಿ ಮೆಟ್ಟಿಕೊಂಡು ವೆಲ್ಡ್ ಮಾಡುವವರನ್ನು ಈ ಊರಿನಲ್ಲಿ ನೋಡೀ ನೋಡೀ ನಮಗೆ ಅದೇ ಸರಿ ಅನ್ನಿಸಿಬಿಟ್ಟಿದೆ. ಆರ್ಕ್ ಹೊಡೆದದ್ದು ಆ ಕ್ಷಣಕ್ಕೆ ಗೊತ್ತಾಗುವುದಿಲ್ಲ. ಕೆಲವು ಗಂಟೆ ಕಳೆದ ಮೇಲೆ ಕಣ್ಣಲ್ಲಿ ಹಿಡಿ ಮರಳು ಹಾಕಿ ತಿಕ್ಕಿದ ಹಾಗಾಗುತ್ತದೆ. ಬಟಾಟೆ ಹೋಳು ಇಟ್ಟುಕೊಂಡು ರಾತ್ರಿ ಕಳೆದವರನ್ನು ಶಾಪಿನಲ್ಲಿ ಬೇಕಾದಷ್ಟು ಕಂಡಿದ್ದೇನೆ. ಹೆಲ್ಮೆಟ್, ಚರ್ಮದ ಗ್ಲೌಸು, ಹತ್ತಿ ಬಟ್ಟೆ, ಬೂಟು. ಸುತ್ತ ನಿಂತು ನೋಡುವ ಬಿಲ್ಡಿಂಗಿನ ಮಕ್ಕಳನ್ನು ಓಡಿಸಿ. ಬ್ಯಾಟರಿ ಇದ್ದರೆ ಕಳಚಿ. ಪೆಟ್ರೋಲ್ ಟ್ಯಾಂಕು ಇಳಿಸಿ ದೂರ ಇಡಿ, ಖಾಲಿ ಟ್ಯಾಂಕು ಅಂತ ಸಸಾರ ಬೇಡ, ಒಳಗಿನ ಆವಿಯೇ ಸಾಕು. ಬಾಡಿಯ ಒಳಗೆ ಹಾದುಹೋಗುವ ವೈರು, ಕೇಬಲ್ಲುಗಳನ್ನೂ ಎಳೆದು ತೆಗೆಯಬೇಕು.

ಈಗ ವೆಲ್ಡ್ ಮಾಡಬಾರದ ಜಾಗ. ಕಾಲಿಡುವ ಸಮತಟ್ಟು ಪತ್ರಾ, ಅಂಚು, ಬ್ಯಾಟರಿ ಇಡುವ ಗೂಡು, ಇವುಗಳಲ್ಲಿ ಹೊಸಬ ಕೈ ಪಳಗಿಸಿಕೊಳ್ಳಲಿ. ಹ್ಯಾಂಡಲಿನ ಕೊಳವೆ ಫ್ಲೋರಿಗೆ ಸೇರುವ ಬುಡ, ಇಂಜಿನ್ ತೂಗುವ ಪಿವಟ್, ಹಿಂದಿನ ಶಾಕ್ ಅಬ್ಸಾರ್ಬರ್ ಕೂರುವ ಜಾಗ, ಇಲ್ಲಿ ತುಕ್ಕು ಕಂಡರೆ ಮಷೀನು ಆಫ್ ಮಾಡಿ ಎದ್ದುಬಿಡಿ. ಅಲ್ಲಿ ಬೆಸುಗೆ ಬಿಟ್ಟರೆ ಗಾಡಿ ಮುಂಚಿತವಾಗಿ ಹೇಳಿ ಬಿಡುವುದಿಲ್ಲ. ಅಳತೆ ಎರಡು ಮಿಲಿಮೀಟರ್ ತಪ್ಪಿದರೂ ಎರಡು ಚಕ್ರ ಒಂದೇ ಗೆರೆಯಲ್ಲಿ ನಿಲ್ಲುವುದಿಲ್ಲ. ಅದು ಜಿಗ್‌ನಲ್ಲಿ ಕೂರಿಸಿ ಮಾಡುವವರ ಕೆಲಸ, ಇಲ್ಲವೇ ಗಾಡಿಯನ್ನು ಶೋಕೇಸಿಗೆ ಇಡುವ ಕಾಲ. "ನಮ್ಮಪ್ಪನ ಗಾಡಿ ಸರ, ನನ್ನ ಕೈಯಾಗ ಆಗಬೇಕು" ಅಂದರು ನೆರೆಯವರು. ನನಗೂ ಅರ್ಥವಾಗುತ್ತದೆ. ಆದರೆ ಮೇಲೆ ಕೂರುವವಳು ಅವರ ಮಗಳು. ಫ್ಲೋರ್ ನಿಮ್ಮ ಕೈಯಲ್ಲೇ ಆಗಲಿ, ಬುಡ ಗಟ್ಟಿಯಿಲ್ಲದಿದ್ದರೆ ನಾನು ಕೀಲಿ ಕೊಡಲು ಬಿಡುವುದಿಲ್ಲ ಮಾರಾಯ್ರೆ ಅಂದೆ. ಎರಡು ದಿನ ಮಾತಾಡಿಸಲಿಲ್ಲ. ಮೂರನೇ ದಿನ ಅವರ ಮನೆಯಿಂದ ಗಿರ್ಮಿಟ್ ಬಂತು.

ಬ್ರಿಟನ್ನಿನಲ್ಲಿ ಮೂರು ವರ್ಷ ದಾಟಿದ ಕಾರಿಗೆ ವರ್ಷಕ್ಕೊಮ್ಮೆ ಎಂಓಟಿ ಅನ್ನುವ ಪರೀಕ್ಷೆ ಇದೆ. ಸೀಟ್ ಬೆಲ್ಟ್, ಸಸ್ಪೆನ್ಷನ್ ಕೂರುವ ಮುಖ್ಯ ಜಾಗಗಳಿಂದ 30 ಸೆಂಟಿಮೀಟರ್ ಒಳಗೆ ಬಾಡಿ ತುಕ್ಕಿಗೆ ಬಲ ಕಳೆದುಕೊಂಡಿದ್ದರೆ ಫೇಲ್ ಮಾಡುತ್ತಾರೆ. ನಮ್ಮಲ್ಲಿ ಖಾಸಗಿ ಗಾಡಿಯ ನೋಂದಣಿ 15 ವರ್ಷಕ್ಕೆ, ಆಮೇಲೆ 5 ವರ್ಷಕ್ಕೊಮ್ಮೆ ನವೀಕರಣ. ನಡುವೆ ಗಾಡಿಯನ್ನು ಮಗುಚಿ ಹೊಟ್ಟೆ ನೋಡುವವರು ನಾವೇ. ಅಂದಹಾಗೆ, ಷಾಸಿ ನಂಬರ್ ಕೊರೆದ ಜಾಗಕ್ಕೆ ಅಪ್ಪಿತಪ್ಪಿಯೂ ಗ್ರೈಂಡರ್ ತಾಗಿಸಬೇಡಿ. ನವೀಕರಣಕ್ಕೆ ಹೋದಾಗ ಅದನ್ನು ತಾಳೆ ನೋಡುತ್ತಾರೆ.

ಕತ್ತರಿಸುವ ಕೆಲಸ ಮುಗಿದಿದೆ, ಅಭ್ಯಾಸದ ತುಂಡುಗಳಲ್ಲಿ ಹತ್ತಕ್ಕೆ ಆರು ಪಾಸ್. ಮಳೆಗಾಲಕ್ಕೆ ಮುಂಚೆ ಮುಗಿಸಬೇಕು. ಗಾಳಿಯಲ್ಲಿ ತೇವ ಇದ್ದರೆ ಉಜ್ಜಿದ ಕಬ್ಬಿಣ ರಾತ್ರಿ ಬೆಳಗಾಗುವುದರೊಳಗೆ ಕೆಂಪಾಗುತ್ತದೆ. ವೆಲ್ಡ್ ಆದ ಮೇಲೆ ಒಳಬದಿಗೂ ಪ್ರೈಮರ್ ಹೋಗಬೇಕು, ಸಂದಿಗೆ ಸೀಲೆಂಟ್, ಟೊಳ್ಳಿನೊಳಗೆ ಮೇಣದಂಥ ಆಂಟಿ-ರಸ್ಟ್ ಸ್ಪ್ರೇ. ನೀರು ಇಳಿಯುವ ತೂತುಗಳನ್ನು ಮಾತ್ರ ಮುಚ್ಚಬೇಡಿ. ತೂತು ಅಂತ ಕಂಡದ್ದನ್ನೆಲ್ಲ ಮುಚ್ಚುವ ಉತ್ಸಾಹ ಅವರಲ್ಲಿ ಈಗ ಬಹಳ ಇದೆ, ಅದಕ್ಕೇ ಅವುಗಳ ಸುತ್ತ ಸೀಮೆಸುಣ್ಣದಲ್ಲಿ ಗುರುತು ಹಾಕಿ ಬಂದಿದ್ದೇನೆ.