ಹದಿನೈದು ದಿನದ ಡಾಕ್ಟರು, ಹದಿನಾರನೇ ದಿನದ ರೋಗಿ

ರಜೆ ಬಂತೆಂದರೆ ಕೆಲವರು ತಿರುಪತಿಗೆ, ಕೆಲವರು ಊಟಿಗೆ. ಅಮೆರಿಕ, ಇಂಗ್ಲೆಂಡಿನ ಚರ್ಚುಗಳವರಿಗೆ ಇನ್ನೊಂದು ದಾರಿಯೂ ಉಂಟು. ಕೈಯಿಂದ ಖರ್ಚು ಹಾಕಿಕೊಂಡು ಒಂದೆರಡು ವಾರ ಆಫ್ರಿಕಾಕ್ಕೆ ಹೋಗಿ, ವೈದ್ಯಕೀಯ ಶಿಬಿರದಲ್ಲಿ ದುಡಿದು ಬರುವುದು. ನಾಳೆ ನಮ್ಮೂರಿನ ನರ್ಸ್ ಹುಡುಗಿಯೊಬ್ಬಳು ಇದೇ ಸೇವೆಗೆ ಹೊರಟು, ಟಿಕೆಟ್ ಖರ್ಚಿಗೆಂದು ನಿಮ್ಮ ಅಂಗಡಿ ಮುಂದೆ ರಸೀದಿ ಪುಸ್ತಕ ಹಿಡಿದು ನಿಂತರೆ ಏನು ಮಾಡ್ತೀರಿ ಸ್ವಾಮಿ?

ಪುಣ್ಯದ ಕೆಲಸ, ಕೊಡಿ. ಆದರೆ ನಾಲ್ಕು ಮಾತು ಕೇಳಿ ಕೊಡಿ.

ಮಿಷನ್ ಎಂದ ಕೂಡಲೇ ಮೂಗು ಮುರಿಯುವ ಜಾತಿ ನಮ್ಮದಲ್ಲ. ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಮಿಷನ್ ಆಸ್ಪತ್ರೆ ಬಾಗಿಲು ತೆರೆದದ್ದು 1906ರಲ್ಲಿ. ಅಲ್ಲಿ ಹುಟ್ಟಿದವರು ನಮ್ಮ ನಡುವೆ ಎಷ್ಟು ಮಂದಿ ಇಲ್ಲ! ಮಂಗಳೂರಿನ ಕಂಕನಾಡಿಯಲ್ಲಿ ಜರ್ಮನಿಯ ಫಾದರ್ ಮುಲ್ಲರ್ 1880ರಲ್ಲಿ ಹೋಮಿಯೋಪಥಿ ಔಷಧಿ ಹಂಚಲು ಕೂತರು. ಅದೇ ಇವತ್ತು ದೊಡ್ಡ ಆಸ್ಪತ್ರೆ, ಮೆಡಿಕಲ್ ಕಾಲೇಜು. ಅವರು ಹದಿನೈದು ದಿನಕ್ಕೆ ಬಂದವರಲ್ಲ. 1910ರಲ್ಲಿ ಮಂಗಳೂರಿನಲ್ಲೇ ಮಣ್ಣಾದರು.

ನಮ್ಮ ಕಡೆಯವರು ದೊಡ್ಡ ಕಾಯಿಲೆ ಬಂದರೆ ರೈಲು ಹತ್ತಿ ವೇಲೂರಿಗೆ ಓಡುತ್ತಾರಲ್ಲ, ಆ ಆಸ್ಪತ್ರೆಯ ಕತೆ ಕೇಳಿ. ಅದನ್ನು ಕಟ್ಟಿದ ಐಡಾ ಸ್ಕಡರ್ ಇಲ್ಲಿಗೆ ಬಂದದ್ದು ಕಾಯಿಲೆಯ ತಾಯಿಯನ್ನು ನೋಡಿಕೊಂಡು ಅಮೆರಿಕಕ್ಕೆ ವಾಪಸ್ ಹೋಗುವ ಲೆಕ್ಕದಲ್ಲಿ. ಒಂದೇ ರಾತ್ರಿ ಮೂರು ಮನೆಯವರು ಹೆರಿಗೆ ನೋವಿಗೆ ಹೆಣ್ಣು ಡಾಕ್ಟರು ಬೇಕೆಂದು ಬಂದರು. ಗಂಡಸು ಡಾಕ್ಟರು ಮುಟ್ಟಬಾರದು, ಐಡಾಗೆ ವೈದ್ಯ ಬಾರದು. ಮೂವರು ಹೆಂಗಸರೂ ಸತ್ತರು. ಆಕೆ ಏನು ಮಾಡಿದರು? ಬಂದದ್ದಾಯಿತೆಂದು ಕೈಗೆ ಸಿಕ್ಕ ಔಷಧಿ ಹಂಚಲಿಲ್ಲ. ಊರಿಗೆ ಹೋಗಿ ಓದಿದರು, 1899ರಲ್ಲಿ ಡಾಕ್ಟರಾದರು, 1900ರಲ್ಲಿ ತಿರುಗಿ ಬಂದರು. 1918ರಲ್ಲಿ ಇಲ್ಲಿಯ ಹೆಣ್ಣುಮಕ್ಕಳಿಗೇ ವೈದ್ಯ ಕಲಿಸುವ ಶಾಲೆ ತೆರೆದರು. ಮೊದಲು ಕಲಿ, ಆಮೇಲೆ ಮಾಡು, ಕೊನೆಗೆ ಅಲ್ಲಿಯವರಿಗೆ ಕಲಿಸು. ಇಷ್ಟೇ ಸೂತ್ರ.

ಈ ಸೂತ್ರ ಬಿಟ್ಟರೆ ಏನಾಗುತ್ತದೆ ಎನ್ನುವುದಕ್ಕೆ ಉಗಾಂಡಾದ ಜಿಂಜಾ ಊರು ಸಾಕ್ಷಿ. ವೈದ್ಯ ಓದದ ಅಮೆರಿಕದ ತರುಣಿಯೊಬ್ಬಳು ದೇವರ ಕರೆ ಎಂದು ಹೋಗಿ, ಅಪೌಷ್ಟಿಕತೆಯಿಂದ ನರಳುವ ಮಕ್ಕಳಿಗೆ ಕೇಂದ್ರ ತೆರೆದಳು. 2010ರಿಂದ 2015ರವರೆಗೆ ಅಲ್ಲಿ ನೂರಕ್ಕೂ ಹೆಚ್ಚು ಮಕ್ಕಳು ತೀರಿಕೊಂಡವು. ನಾನು ಡಾಕ್ಟರೆಂದು ಹೇಳಿಕೊಂಡೇ ಇಲ್ಲ ಎಂಬುದು ಆಕೆಯ ವಾದ. 2019ರಲ್ಲಿ ಇಬ್ಬರು ತಾಯಂದಿರು ಕೋರ್ಟಿಗೆ ಹೋದರು. 2020ರಲ್ಲಿ, ತಪ್ಪು ಯಾರದೆಂದು ತೀರ್ಮಾನವಾಗದೆ, ರಾಜಿಯಲ್ಲಿ ಮುಗಿಯಿತು. ಆ ಮಕ್ಕಳು ಮೊದಲೇ ಸಾಯುವ ಹಂತದಲ್ಲಿ ಇದ್ದವು ಅಂತೀರಾ? ಇರಬಹುದು. ಆದರೆ ತನ್ನ ದೇಶದಲ್ಲಿ ಒಂದು ಸೂಜಿ ಚುಚ್ಚಲು ಪರವಾನಗಿ ಇಲ್ಲದವರು ಬಡವರ ದೇಶದಲ್ಲಿ ಆಸ್ಪತ್ರೆ ನಡೆಸಬಹುದೆ? ನಮ್ಮ ಹಳ್ಳಿಗಳಲ್ಲಿ ಅಂಥವರನ್ನು ನಕಲಿ ಡಾಕ್ಟರು ಅಂತೀವಿ, ಪೊಲೀಸರು ಹಿಡೀತಾರೆ. ವಿಮಾನದಲ್ಲಿ ಹೋದ ಮಾತ್ರಕ್ಕೆ ಹೆಸರು ಬದಲಾಗುತ್ತದೆಯೆ?

ಹಾಗಾದರೆ ವಾರದ ಲೆಕ್ಕದಲ್ಲಿ ಹೋಗುವುದೆಲ್ಲ ದಂಡವೇ? ಅಲ್ಲ. 1978ರಲ್ಲಿ ಶುರುವಾದ ಮರ್ಸಿ ಶಿಪ್ಸ್ ಎಂಬ ಕ್ರೈಸ್ತ ಸಂಸ್ಥೆ ಹಡಗಿನಲ್ಲೇ ಆಸ್ಪತ್ರೆ ನಡೆಸುತ್ತದೆ. ಅದರ ಗ್ಲೋಬಲ್ ಮರ್ಸಿ ಹಡಗಿನಲ್ಲಿ ಆರು ಆಪರೇಷನ್ ಥಿಯೇಟರ್ ಇವೆ. ಆಯಾ ದೇಶದ ಸರ್ಕಾರ ಕರೆದರೆ ಹೋಗಿ, ಒಂದೇ ಬಂದರಿನಲ್ಲಿ ಸುಮಾರು ಹತ್ತು ತಿಂಗಳು ಲಂಗರು ಹಾಕುತ್ತವೆ ಇಂಥ ಹಡಗುಗಳು. ಸೀಳುತುಟಿ, ಮುಖದ ಗೆಡ್ಡೆ, ಕಣ್ಣಿನ ಪೊರೆ, ಎಲ್ಲಕ್ಕೂ ಬಿಟ್ಟಿ ಆಪರೇಷನ್. ದುಡಿಯುವವರು ಸ್ವಂತ ಖರ್ಚಿನಲ್ಲೇ ಬರುತ್ತಾರೆ. ಕೆಲವೇ ವಾರ ಇದ್ದು ಹೋಗುವ ಡಾಕ್ಟರೂ ಅಲ್ಲಿದ್ದಾರೆ. ಆದರೆ ಆ ಡಾಕ್ಟರು ಹೋದರೂ ಹಡಗು ಇರುತ್ತದೆ, ನರ್ಸು ಇರುತ್ತಾಳೆ, ರೋಗಿಯ ಚೀಟಿ ಇರುತ್ತದೆ. ಅಲ್ಲಿಯ ಡಾಕ್ಟರುಗಳಿಗೆ ತರಬೇತಿಯೂ ಉಂಟು. ಡ್ರೈವರ್ ಡ್ಯೂಟಿ ಬದಲಾದರೆ ತೊಂದರೆಯಿಲ್ಲ, ಇನ್ನೊಬ್ಬ ಸ್ಟೀರಿಂಗ್ ಹಿಡೀತಾನೆ. ನಡುದಾರಿಯಲ್ಲಿ ಬಸ್ ನಿಲ್ಲಿಸಿ ಡ್ರೈವರ್ ಇಳಿದು ಹೋದರೆ ಪ್ಯಾಸೆಂಜರ್ ಗತಿ?

ಆದ್ದರಿಂದ ರಸೀದಿ ಪುಸ್ತಕ ಬಂದಾಗ ಕೇಳಬೇಕಾದ್ದು ಇಷ್ಟು.

ಒಂದು, ಇಲ್ಲಿ ಮಾಡಲು ಪರವಾನಗಿ ಇಲ್ಲದ ಕೆಲಸ ಅಲ್ಲಿ ಮಾಡ್ತೀಯೇನಮ್ಮಾ? ನರ್ಸ್ ನರ್ಸಾಗಿಯೇ ಹೋಗಲಿ. ಸಾಮಾನು ಹೊರುವವರು ಸಾಮಾನು ಹೊರಲಿ, ಅದೂ ಸೇವೆಯೇ.

ಎರಡು, ಹದಿನಾರನೇ ದಿನ ಹೊಲಿಗೆ ಕೀವು ಕಟ್ಟಿದರೆ ರೋಗಿ ಯಾರ ಹತ್ತಿರ ಹೋಗಬೇಕು? ಬಿ.ಪಿ. ಇರುವವರಿಗೆ ಒಂದು ತಿಂಗಳ ಮಾತ್ರೆ ಕೊಟ್ಟು ಬಂದರೆ ಎರಡನೇ ತಿಂಗಳು ಏನು ನುಂಗಬೇಕು?

ಮೂರು, ಸೂಟ್‌ಕೇಸಿನಲ್ಲಿ ಒಯ್ಯುವ ಔಷಧಿ ಯಾವುದು? ಅವಧಿ ಮುಗಿಯುತ್ತಾ ಬಂದ ಮಾಲು ದಾನವಲ್ಲ, ಕಸ ಸಾಗಣೆ. ದಾನದ ಔಷಧಿ ಮುಟ್ಟಿದ ಮೇಲೆ ಕನಿಷ್ಠ ಒಂದು ವರ್ಷ ಅವಧಿ ಉಳಿದಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 1996ರಲ್ಲೇ ಹೇಳಿದೆ. ಮೆಡಿಕಲ್ ಶಾಪಿನವರು ಇದನ್ನು ಎರಡು ಸಲ ಓದಿಕೊಳ್ಳಲಿ.

ನಾಲ್ಕು, ಪ್ರಾರ್ಥನೆಗೆ ಕೂರದವನಿಗೂ ಅದೇ ಮದ್ದು, ಅದೇ ಮರ್ಯಾದೆ ಸಿಗುತ್ತದೆಯೆ? ಹೋಗುವವರನ್ನು ಕಳಿಸುವುದು ನಂಬಿಕೆ, ಅದನ್ನು ಯಾರೂ ಆಡಿಕೊಳ್ಳಬೇಕಿಲ್ಲ. ಆದರೆ ನೋವಿನಲ್ಲಿ ಮಲಗಿದವನು ಬೇಡ ಅನ್ನಲಾರ. ಅದನ್ನು ಒಪ್ಪಿಗೆ ಎಂದು ಬರೆದುಕೊಳ್ಳಬಾರದು.

ಐವತ್ತು ರೂಪಾಯಿಗೆ ಇಷ್ಟೊಂದು ತಪಾಸಣೆಯೇ ಎಂದು ಯಾರಾದರೂ ನಗಬಹುದು. ನಗಲಿ. ಒಂದು ಪ್ರೆಶರ್ ಕುಕ್ಕರ್ ಕೊಳ್ಳುವಾಗಲೂ ಗ್ಯಾರಂಟಿ ಕಾರ್ಡು ಕೇಳುವ ಜನ ನಾವು. ದೂರದ ಊರಿನ ಬಡವನ ಮೈಗೆ ಕತ್ತರಿ ಹಾಕಲು ಕಳಿಸುವಾಗ ಕೇಳಬಾರದೆ? ನಾಲ್ಕಕ್ಕೂ ಸರಿಯಾದ ಉತ್ತರ ಬಂದರೆ ಐವತ್ತಲ್ಲ, ಐನೂರು ಬರೆಯಿರಿ. ಬರದಿದ್ದರೆ ಆ ಹುಡುಗಿಗೆ ಒಂದು ಕಾಫಿ ಕೊಡಿಸಿ, ಉತ್ತರ ಕಲಿತು ಬಾ ಅಂತ ಕಳಿಸಿ.